ಲೋಹಣ್ಣನ ಹಣೆಬರಹ

“ಅಮ್ಮಾ, ಬರೋ ಭಾನುವಾರ ಠಾಣೆಯವರು ಬರ್ತಾರ್ರೀ. ಒಂದು ಇಪ್ಪತ್ತು ಜನ ಆಗಬಹುದು. ನಿಮಗೇನೂ ತೊಂದರೆ ಆಗಲ್ಲ.”

ನಮ್ಮ ಮೇಲ್ಮನೆಯಲ್ಲಿ ಎರಡು ವರ್ಷದಿಂದ ಬಾಡಿಗೆಗಿರುವ ಗಿರಿರಾಜ್ ಹೀಗೆ ಹೇಳಿದ ದಿನ ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು. ಆರ್‌ಪಿಸಿ ಲೇಔಟಿನಲ್ಲಿ ನಾವು ಮನೆ ಕಟ್ಟಿ ನಲವತ್ತು ವರ್ಷ ದಾಟಿದೆ. ಇವತ್ತಿನವರೆಗೆ ನಮ್ಮ ಗೇಟಿನ ಒಳಗೆ ಒಬ್ಬ ಪೊಲೀಸಿನವನು ಕಾಲಿಟ್ಟಿಲ್ಲ. ಒಬ್ಬ ಬಂದರೆ ವಿಳಾಸ ಕೇಳಲು ಬಂದ ಎನ್ನಬಹುದು. ಇಪ್ಪತ್ತು ಜನ ಬಂದರೆ ಬೀದಿಯವರು ಏನೆನ್ನಬೇಕು?

ನಾನು ಮಾಡಿದ ಮೊದಲ ಕೆಲಸವೆಂದರೆ, ಎದ್ದು ಅಡುಗೆಮನೆಗೆ ಹೋಗಿ, ಮೂಲೆಯಲ್ಲಿದ್ದ ಸ್ಟೀಲ್ ಬಿಂದಿಗೆಯ ಮೇಲೆ ಒಂದು ಟವೆಲ್ ಹೊದಿಸಿ ಬಂದದ್ದು. (ಯಾಕೆ ಅಂತ ಈಗಲೇ ಕೇಳಬೇಡಿ. ಹೇಳುತ್ತೇನೆ. ಹೇಳದೆ ಎಲ್ಲಿಗೆ ಹೋಗಲಿ?)

ನಾನು ವಾಪಸ್ ಬರುವ ಹೊತ್ತಿಗೆ ಗಿರಿರಾಜನ ಹೆಂಡತಿ ಹೇಮಶ್ರೀ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದಳು. “ಅಯ್ಯ, ಪೊಲೀಸ್ ಠಾಣೆ ಅಲ್ರೀ ಅಮ್ಮಾ! ‘ಆಕಾಶಠಾಣೆ’ ಅಂತ. ಇವರು ಸಣ್ಣವರಿದ್ದಾಗ ಟೀವಿಯಲ್ಲಿ ಬರ್ತಿತ್ತಂತೆ ಧಾರಾವಾಹಿ. ನನ್ನ ಕರ್ಮ, ಇನ್ನೂ ಮುಗಿದಿಲ್ಲ.”

“ಬರೀ ಧಾರಾವಾಹಿ ಅಲ್ಲ ಕಣೇ ಅದು,” ಎಂದ ಗಿರಿರಾಜ್. ಅವನು ಸರ್ಕಾರಿ ಕಚೇರಿಯಲ್ಲಿ ದೊಡ್ಡ ಗುಮಾಸ್ತ, ವಯಸ್ಸು ನಲವತ್ತೇಳು. ಈ ವಿಷಯ ಬಂದರೆ ಮಾತ್ರ ಒಂಬತ್ತು. “ಮೂರು ಭಾಗ ಬಂತು. ಚಿತ್ರದ ಪುಸ್ತಕ ಬಂತು. ಸಿನಿಮಾ ಬಂತು. ಈಗ ಮೂವತ್ತೆಂಟು ವರ್ಷ ಆದ್ಮೇಲೆ ಫೋನಲ್ಲಿ ನಾಲ್ಕನೇ ಭಾಗ ಬರ್ತಾ ಇದೆ.”

“ಹೂಂ, ಎಲ್ಲಾ ಬಂತು. ಮನೆಗೊಂದು ಹೊಸ ಬೀರು ಬರಲಿ ಅಂದ್ರೆ ಅದೊಂದು ಬರಲಿಲ್ಲ. ಇರೋ ಬೀರು ತುಂಬ ಇವರ ಠಾಣೆ. ನನ್ನ ಸೀರೆಗಳೆಲ್ಲ ಮಂಚದ ಕೆಳಗೆ.”

ಅಲ್ಲಿಂದ ನನಗೆ ಕಥೆ ಗೊತ್ತಾಯಿತು. ಆಕಾಶದಲ್ಲಿ ಒಂದು ಠಾಣೆ. ಬೇರೆ ಬೇರೆ ಲೋಕಗಳಿಂದ ಬರುವ ಪುಂಡರನ್ನು ಅಲ್ಲಿ ಹಿಡಿದು ಕೂಡಿಹಾಕುತ್ತಾರೆ. ಅಲ್ಲೊಬ್ಬ ಲೋಹದ ಪೇದೆ, ಹೆಸರು ಲೋಹಣ್ಣ. ಆಗ ಅದನ್ನು ನೋಡಿದ ಮಕ್ಕಳೆಲ್ಲ ಈಗ ಬೊಜ್ಜು, ಬಿಳಿಕೂದಲು, ಮಂಡಿನೋವು ಬಂದವರಾಗಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಆ ಕಾಲದ ಬಿಸ್ಕತ್ ಪೊಟ್ಟಣದಲ್ಲಿ ಬರುತ್ತಿದ್ದ ಲೋಹಣ್ಣನ ಚಿತ್ರ, ಪ್ಲಾಸ್ಟಿಕ್ ಪೀಪಿ, ತಗಡಿನ ಪೆನ್ಸಿಲ್ ಡಬ್ಬಿ, ಇಂಥವನ್ನು ದೇವರ ಸಾಮಾನಿನ ಹಾಗೆ ಕೂಡಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಮೊದಲನೆಯ ಕಂತನ್ನು ಮತ್ತೆ ನೋಡುತ್ತಾರೆ. ಈ ವರ್ಷ ಗಿರಿರಾಜನ ಸರದಿ. ಮೇಲ್ಮನೆಯಲ್ಲಿ ಅಷ್ಟು ಜನ ಹಿಡಿಸದೆ ಇರುವುದರಿಂದ ನಮ್ಮ ಹಾಲು ಬೇಕಂತೆ. (ಕುಡಿಯುವ ಹಾಲಲ್ಲ. ಆಮೇಲೆ ಅದೂ ನಾಲ್ಕು ಲೀಟರ್ ಬೇಕಾಯಿತು.)

“ಆಗಲಪ್ಪ,” ಎಂದೆ. ಒಂಟಿ ಮನೆಯಲ್ಲಿ ನಾಲ್ಕು ಜನ ಓಡಾಡಿದರೆ ಗೋಡೆಗೂ ಒಳ್ಳೆಯದು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲವೂ ಚೆನ್ನಾಗಿತ್ತು. ಮಾರನೆಯ ದಿನ ಮೆಣಸಿನಕಾಯಿ ಒಣಹಾಕಲು ತಾರಸಿಗೆ ಹೋದೆ. ಹಗ್ಗದ ಮೇಲೆ ಗಿರಿರಾಜನ ಕಪ್ಪು ಬನಿಯನ್ನು ಒಣಗುತ್ತಿತ್ತು. ಟೀ ಶರ್ಟು ಅನ್ನುತ್ತಾರಲ್ಲ, ಅದು. ಹೇಮಶ್ರೀ ಬಟ್ಟೆಗಳನ್ನು ತಲೆಕೆಳಗಾಗಿ ನೇತುಹಾಕುವವಳು, ಭುಜದ ಮೇಲೆ ಕ್ಲಿಪ್ಪಿನ ಗುರುತು ಬೀಳಬಾರದೆಂದು. ಎದೆಯ ಜಾಗದಲ್ಲಿ ಬಿಳಿ ಚುಕ್ಕೆಗಳಿಂದ ಏನೋ ಬರೆದಿತ್ತು.

ನಾನು ಓದಿದ್ದು ಮೂರನೆಯ ಕ್ಲಾಸು. ಅಕ್ಷರಗಳನ್ನು ಒಂದೊಂದಾಗಿ ಕೈಹಿಡಿದು ನಡೆಸಿಕೊಂಡು ಬರಬೇಕು. ನಡೆಸಿದೆ. ವಿ... ಮ... ಲ... ಮ.

ಮೆಣಸಿನಕಾಯಿಯ ಮೊರ ಕೈಜಾರಿತು. ಗಂಡ ತೀರಿಕೊಂಡು ಒಂಬತ್ತು ವರ್ಷವಾದ, ಎಪ್ಪತ್ತನಾಲ್ಕು ತುಂಬಿದ ಹೆಂಗಸು ನಾನು, ವಿಮಲಮ್ಮ. ನನ್ನ ಹೆಸರು ಮೇಲ್ಮನೆಯ ಸಂಸಾರಸ್ಥನ ಎದೆಯ ಮೇಲೆ! ಕಟ್ಟಿಕೊಂಡವಳು ಅದನ್ನು ಸೋಪು ಹಾಕಿ ಒಗೆದು ಬಿಸಿಲಿಗೂ ಹಾಕಿದ್ದಾಳೆ! ಬರೀ ಹೆಸರಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅದರ ಮುಂದೆ ಇನ್ನೊಂದು ಪದವಿತ್ತು. ಸೀ... ಮಂ... ತ.

ಎಪ್ಪತ್ತನಾಲ್ಕಕ್ಕೆ ಸೀಮಂತ!

ನೀರಿನ ಟ್ಯಾಂಕಿನ ಪಕ್ಕ ಕೂತು ಸುಧಾರಿಸಿಕೊಂಡು ಮತ್ತೆ ನೋಡಿದೆ. ಆಗ ಆ ಅಕ್ಷರಗಳ ಗುರುತು ಸಿಕ್ಕಿತು. ‘ಲ’ದ ಸೊಂಡಿಲು ಸ್ವಲ್ಪ ಉದ್ದ. ‘ಮ್ಮ’ ಇರಬೇಕಾದ ಕಡೆ ಬರೀ ‘ಮ’. ಅದು ನಮ್ಮ ಯಜಮಾನರ ಕೈ.

ನಮ್ಮ ಯಜಮಾನರು ಬೈರಪ್ಪನವರು ರಾಜಾಜಿನಗರದ ಒಂದು ಪಾತ್ರೆ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುತ್ತಿದ್ದರು. ‘ಗುರ್’ ಎನ್ನುವ ಸೂಜಿಯ ಮಿಷನ್ನು ಹಿಡಿದು ಮೂವತ್ತು ವರ್ಷ ಕೂತರು. ಈ ಕಡೆಯ ಎಷ್ಟು ಮನೆಗಳ ಮದುವೆ, ನಾಮಕರಣ, ಗೃಹಪ್ರವೇಶಗಳು ಅವರ ಕೈಯಲ್ಲಿ ಚುಕ್ಕೆಚುಕ್ಕೆಯಾಗಿ ಉಳಿದಿವೆಯೋ. ಗಿರಾಕಿಗಳ ಪಾತ್ರೆಗೆ ಒತ್ತಕ್ಷರ ಸರಿಯಾಗಿ ಹಾಕುತ್ತಿದ್ದರು. ನಮ್ಮ ಮನೆಯ ಪಾತ್ರೆಗೆ ಮಾತ್ರ ಇಲ್ಲ. “ಒತ್ತು ಹಾಕಿದ್ರೆ ಸೂಜಿ ಮೊಂಡಾಗುತ್ತೆ ಕಣೇ. ನೀನು ಯಾರು ಅಂತ ನನಗೆ ಗೊತ್ತಲ್ಲ,” ಎನ್ನುತ್ತಿದ್ದರು. ಹಾಗಾಗಿ ಲೋಟದಿಂದ ಕೊಳದಪ್ಪಲೆಯವರೆಗೆ ನಾನು ‘ವಿಮಲಮ’ನಾಗಿಯೇ ಬಾಳಿದೆ.

ಈ ‘ವಿಮಲಮ ಸೀಮಂತ ೧೯೭೪’ ಇದ್ದದ್ದು ಒಂದೇ ಒಂದು ಪಾತ್ರೆಯ ಮೇಲೆ. ನನ್ನ ತವರಿನವರು ಕೊಟ್ಟ ಸ್ಟೀಲ್ ತಪ್ಪಲೆ. ಆಗ ಸ್ಟೀಲ್ ಅಂದರೆ ಬೆಳ್ಳಿಯ ತಮ್ಮ. ಗುಂಡಗೆ, ದಪ್ಪಗೆ, ಮುಖ ನೋಡಿಕೊಳ್ಳುವ ಹಾಗಿತ್ತು. ಎಂಬತ್ತೇಳನೆಯ ಇಸವಿಯಲ್ಲಿ ನನ್ನ ನಾದಿನಿ ಕುಸುಮಾಳ ಮಗನ ನಾಮಕರಣಕ್ಕೆಂದು ಪಾಯಸ ತುಂಬಿಸಿಕೊಂಡು ಲಗ್ಗೆರೆಗೆ ಹೋಯಿತು. ಹೋದದ್ದು ಬರಲಿಲ್ಲ. ಅದನ್ನು ತರಲು ಸೈಕಲ್ಲಿನಲ್ಲಿ ಹೋದ ಯಜಮಾನರು ಬರಿಗೈಯಲ್ಲಿ ಬಂದು, “ಕುಸುಮನ ಮನೇಲೇ ಉಳೀತು ಕಣೇ, ಆಮೇಲೆ ತಂದರಾಯ್ತು,” ಎಂದರು. ಕುಸುಮಾಳನ್ನು ಕೇಳಿದರೆ, “ಅಣ್ಣ ಅವತ್ತೇ ತಗೊಂಡು ಹೋದ್ನಲ್ಲ ಅತ್ತಿಗೆ!” ಎಂದಳು. ಗಂಡ ಸುಳ್ಳು ಹೇಳುತ್ತಾರೆಯೇ? ಅದೂ ತಂಗಿಯ ಮೇಲೆ? ಅವಳೇ ಕಳ್ಳಿ ಎಂದು ನಾನು ತೀರ್ಪು ಕೊಟ್ಟೆ. ಮೇಲ್ಮನವಿಗೆ ಅವಕಾಶ ಇರಲಿಲ್ಲ.

ಈಗ ಬಿಂದಿಗೆಯ ವಿಷಯ. ಎಂಬತ್ತೊಂಬತ್ತರಲ್ಲಿ ಕುಸುಮಾಳ ಹೊಸ ಮನೆಯ ಗೃಹಪ್ರವೇಶವಾಯಿತು. ಊಟ ಮುಗಿಸಿ ಹೊರಡುವಾಗ ನನ್ನ ಕೈಚೀಲದಲ್ಲಿ ತಾಂಬೂಲದ ಜೊತೆ ಒಂದು ಬಿಂದಿಗೆಯೂ ಬಂತು. (ಹೇಗೆ ಬಂತು ಎಂದು ಕೇಳಬೇಡಿ. ಚೀಲ ದೊಡ್ಡದಿತ್ತು.) ಪಾಪ, ಅಡುಗೆಯವರ ಮೇಲೆ ಅನುಮಾನ ಬಿತ್ತು. ಬಿಂದಿಗೆಯ ಮೇಲೆ ‘ಕುಸುಮಾ ಗೃಹಪ್ರವೇಶ ೧೯೮೯’ ಎಂದು ಹೊಳೆಯುವ ಚುಕ್ಕೆಗಳು, ನಮ್ಮ ಯಜಮಾನರದೇ ಕೆಲಸ, ಒತ್ತಕ್ಷರದ ಸಮೇತ! ನನಗಿಲ್ಲದ ಒತ್ತು ತಂಗಿಗೆ! ಮನೆಗೆ ಬಂದ ಮೇಲೆ ಅವರು ಬಿಂದಿಗೆಯನ್ನು ನೋಡಿದರು, ನನ್ನನ್ನು ನೋಡಿದರು, ಹೆಸರಿನ ಕಡೆಯನ್ನು ಗೋಡೆಗೆ ತಿರುಗಿಸಿಟ್ಟರು. ನನ್ನ ನ್ಯಾಯಕ್ಕೆ ಅವರ ಒಪ್ಪಿಗೆಯ ಮುದ್ರೆ ಬಿತ್ತು ಎಂದು ಹಿಗ್ಗಿದೆ. ಅಂದಿನಿಂದ ಬಿಂದಿಗೆ ಹಾಗೆಯೇ ಇದೆ, ಗೋಡೆಗೆ ಮುಖ ಮಾಡಿಕೊಂಡು. ಕುಸುಮಾ ಬಂದರೆ ಹಾಲಿನಲ್ಲೇ ಕಾಫಿ. ಅಡುಗೆಮನೆಯ ಹೊಸಿಲು ದಾಟಿಸಿಲ್ಲ.

ಅಂಥ ತಪ್ಪಲೆಯ ಹೆಸರು ಗಿರಿರಾಜನ ಎದೆಯ ಮೇಲೆ ಹೇಗೆ ಬಂತು? ಕೆಳಗಿಳಿದು ಅವನನ್ನು ಕರೆದೆ.

“ನಿನ್ನ ಬನಿಯನ್ನಿನ ಮೇಲೆ ಬರೆದಿರೋದು ಏನಪ್ಪಾ?”

ಅವನ ಮುಖ ಅರಳಿತು. “ಅದು ಲೋಹಣ್ಣನ ಹಣೆಬರಹ ಅಮ್ಮಾ! ಅವನ ಹಣೆ ಮೇಲೆ ಚುಕ್ಕೆಚುಕ್ಕೆ ಬರಹ ಇದೆ. ಅನ್ಯಗ್ರಹದ ಲಿಪಿ. ಮೂವತ್ತೆಂಟು ವರ್ಷದಿಂದ ಯಾರಿಗೂ ಓದೋಕಾಗಿಲ್ಲ. ನಮ್ಮ ಸಂಘದ ಶ್ಯಾಮಸುಂದರ ಸಾರ್, ಬಸವೇಶ್ವರನಗರದೋರು, ಕಾಲೇಜಲ್ಲಿ ಲೆಕ್ಕ ಹೇಳಿಕೊಡ್ತಿದ್ದೋರು, ಅದರ ಮೇಲೆ ಅರವತ್ತು ಪುಟದ ಪುಸ್ತಕಾನೇ ಬರೆದಿದ್ದಾರೆ. ನಕ್ಷತ್ರಗಳ ದೂರದ ಲೆಕ್ಕ ಇರಬೇಕು ಅಂತ.”

“ಲೋಹಣ್ಣ ಎಲ್ಲಿದಾನೆ?”

ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. “ಯಾರಿಗೂ ಹೇಳಬೇಡಿ. ತಲೆ ಸಿಕ್ಕಿದೆ. ನಾಯಂಡಹಳ್ಳಿಯ ಹಳೇ ಗೋದಾಮು ಒಡೆಯೋವಾಗ ಸಿಕ್ಕಿತು. ಶೂಟಿಂಗ್ ಅಲ್ಲೇ ಆಗಿದ್ದು. ಭಾನುವಾರ ಎಲ್ಲರ ಮುಂದೆ ತೋರಿಸೋಣ ಅಂತ ಬೀರುವಿನಲ್ಲಿ ಇಟ್ಟಿದೀನಿ.”

ತಂದ. ರೇಷ್ಮೆ ಸೀರೆಯಲ್ಲಿ ಸುತ್ತಿತ್ತು.

“ಅದು ನನ್ನ ಧಾರೆ ಸೀರೆ ಕಣ್ರೀ!” ಎಂದು ಹೇಮಶ್ರೀ ಮೇಲಿಂದಲೇ ಕೂಗಿದಳು.

ಬಿಚ್ಚಿದ. ಬೋರಲು ಹಾಕಿದ ತಪ್ಪಲೆ. ಎರಡು ಟಾರ್ಚಿನ ಗಾಜುಗಳನ್ನು ಅಂಟಿಸಿ ಕಣ್ಣು ಮಾಡಿದ್ದಾರೆ. ಉಳಿದಂತೆ ನನ್ನದೇ. ನಾನು ಕೈಗೆತ್ತಿಕೊಂಡು ನೆಟ್ಟಗೆ ತಿರುಗಿಸಿದೆ.

“ಅಯ್ಯೋ, ತಲೆಕೆಳಗೆ ಮಾಡಬೇಡ್ರೀ ಅಮ್ಮಾ! ಲೋಹಣ್ಣನಿಗೆ ಅಪಮಾನ!”

“ಇಷ್ಟು ದಿನ ತಲೆಕೆಳಗೆ ಮಾಡಿದೋರು ನೀವು. ಓದು ಈಗ.”

ಓದಿದ. ಇನ್ನೊಂದು ಸಲ ಓದಿದ. ಕನ್ನಡದಲ್ಲಿ ಡಿಗ್ರಿ ಮಾಡಿದವನು, ಅಕ್ಷರಾಭ್ಯಾಸಕ್ಕೆ ಕೂತ ಮಗುವಿನ ಹಾಗೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಓದಿದವರ ಕಷ್ಟವೇ ಇದು. ಪುಸ್ತಕವನ್ನು ನೆಟ್ಟಗೆ ಹಿಡಿದು ಅಭ್ಯಾಸ. ದಿನಾ ಪಾತ್ರೆ ತೊಳೆದು ಬೋರಲು ಹಾಕುವವರಿಗೆ ಜಗತ್ತು ಎರಡೂ ಕಡೆಯಿಂದ ಓದಲು ಬರುತ್ತದೆ.

“ಹಂಗಾದ್ರೆ ನಕ್ಷತ್ರದ ಲೆಕ್ಕ?” ಎಂದ ಕ್ಷೀಣ ಸ್ವರದಲ್ಲಿ.

“ನಕ್ಷತ್ರ ಪುನರ್ವಸು. ಆ ಸೀಮಂತದಲ್ಲಿ ಹೊಟ್ಟೇಲಿದ್ದ ನನ್ನ ಮಗಳದು.”

ಹೇಮಶ್ರೀ ಮೆಟ್ಟಿಲಿಳಿದು ಬಂದು ಬಗ್ಗಿ ಓದಿದಳು. ಓದಿ, ಗೋಡೆ ಹಿಡಿದುಕೊಂಡು ನಕ್ಕಳು. “ಏನ್ರೀ, ಇಪ್ಪತ್ತು ಜನ ಗಂಡಸರು ‘ವಿಮಲಮ್ಮನ ಸೀಮಂತ’ ಅಂತ ಎದೆ ಮೇಲೆ ಹಾಕ್ಕೊಂಡು ಮಾಲ್‌ಗಳಲ್ಲೆಲ್ಲ ತಿರುಗಾಡಿದೀರಿ!”

ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ತಪ್ಪಲೆ ಶೂಟಿಂಗಿನವರ ಕೈಗೆ ಹೋಗಿದೆ ಎಂದರೆ, ಕುಸುಮಾ ಅದನ್ನು ಮಾರಿಕೊಂಡಿದ್ದಾಳೆ! ಮೂವತ್ತೆಂಟು ವರ್ಷಕ್ಕೆ ಸಾಕ್ಷಿ ಸಿಕ್ಕಿತು. “ಭಾನುವಾರ ಎಲ್ಲರ ಮುಂದೆ ನಾನೇ ಓದ್ತೀನಿ,” ಎಂದೆ. “ಓದಿದ ಮೇಲೆ ನನ್ನ ತಪ್ಪಲೆ ನನಗೆ ವಾಪಸ್.”

“ಅಮ್ಮಾ, ತಲೆ ಕೇಳ್ತಿದೀರಲ್ಲ!”

“ತಲೆ ಅಲ್ಲ. ತಪ್ಪಲೆ.”

“ಕೊಟ್ಟುಬಿಡ್ರೀ,” ಎಂದಳು ಹೇಮಶ್ರೀ. “ನಾಲ್ಕು ಸೀರೆ ಇಡೋಕಾದ್ರೂ ಜಾಗ ಆಗುತ್ತೆ.”

ಒಳಗೆ ಹೋಗಿ ಕುಸುಮಾಳಿಗೆ ಫೋನು ಮಾಡಿದೆ. “ಭಾನುವಾರ ಬೆಳಗ್ಗೆ ತಿಂಡಿಗೆ ಬಾರಮ್ಮ. ಅವರೆಕಾಳು ಉಪ್ಪಿಟ್ಟು. ಟೀವಿಯವರೆಲ್ಲ ಬರ್ತಾರೆ.”

“ಅತ್ತಿಗೆ, ಹುಷಾರಾಗಿದೀರಾ?” ಎಂದಳು.

ಭಾನುವಾರ ಠಾಣೆಯವರು ಬಂದರು. ಗೇಟಿನಲ್ಲಿ ಒಬ್ಬರನ್ನೊಬ್ಬರು ನೋಡಿ ಕೈಯೆತ್ತಿ “ಠಾಣೆ ಎಚ್ಚರ!” ಎನ್ನುವುದು, ಅದಕ್ಕೆ ಇನ್ನೊಬ್ಬರು “ಆಕಾಶ ಎಚ್ಚರ!” ಎನ್ನುವುದು. ಎದುರುಮನೆಯವರಂತೂ ನಿಜಕ್ಕೂ ಎಚ್ಚರವಾಗಿ ಕಿಟಕಿಗೆ ಬಂದರು. ಎಲ್ಲರ ಎದೆಯ ಮೇಲೂ ನನ್ನ ಸೀಮಂತ. ನಮ್ಮ ದಿವಾನದ ಮೇಲೆ ಹಾಸಿಗೆ ಬಟ್ಟೆ ಹಾಸಿ ತಮ್ಮ ತಮ್ಮ ಸಂಗ್ರಹವನ್ನು ಜೋಡಿಸಿದರು. ಒಬ್ಬರು ಬಿಸ್ಕತ್ ಚಿತ್ರ ನಲವತ್ತರಲ್ಲಿ ಮೂವತ್ತೊಂಬತ್ತು ತಂದಿದ್ದರು. ಇಪ್ಪತ್ತೇಳನೆಯದು ಇಲ್ಲವಂತೆ. ಅದನ್ನು ಹೇಳುವಾಗ ಆ ಮನುಷ್ಯನ ಕಣ್ಣು ಒದ್ದೆಯಾಯಿತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒಂದು ತಪ್ಪಲೆಗೆ ಮೂವತ್ತೆಂಟು ವರ್ಷ ಕಾದವಳು ಯಾವ ಬಾಯಿಂದ ನಗಬೇಕು?

ಕುಸುಮಾ ಬಂದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಳು. ಎಪ್ಪತ್ತರ ಹತ್ತಿರ ಅವಳಿಗೂ. ಕೈಯಲ್ಲಿ ಸೇವಂತಿಗೆ ಮಾಲೆ. ದೇವರಿಗೆ ಮುಡಿಸಿ ಎಂದು ಕೊಟ್ಟಳು. ನಾನು ಬಿಗುವಾಗಿ ತೆಗೆದುಕೊಂಡೆ.

ಗಿರಿರಾಜ್ ಸೀರೆ ಸರಿಸಿ ಲೋಹಣ್ಣನ ತಲೆಯನ್ನು ತೋರಿಸಿದಾಗ ಠಾಣೆಯವರೆಲ್ಲ ಕುರ್ಚಿ ಬಿಟ್ಟು ಎದ್ದುನಿಂತರು. ಆಮೇಲೆ ನನ್ನನ್ನು ಕರೆದ. ನಾನು ಎದ್ದು, ತಲೆಯನ್ನು ತಿರುಗಿಸಿ, ಬೆರಳಿಟ್ಟು ಒಂದೊಂದು ಅಕ್ಷರ ಓದಿದೆ. ಅವರು ತಂತಮ್ಮ ಎದೆ ಬಗ್ಗಿ ನೋಡಿಕೊಂಡರು. ಬಗ್ಗಿ ನೋಡಿದರೆ ಬನಿಯನ್ನು ತಲೆಕೆಳಗಾಗಿಯೇ ಕಾಣುತ್ತದಲ್ಲ! ಇಷ್ಟು ವರ್ಷದಲ್ಲಿ ಒಬ್ಬನಾದರೂ ತಲೆ ತಗ್ಗಿಸಿ ನಡೆದಿದ್ದರೆ ಓದಿಬಿಡುತ್ತಿದ್ದ.

“ಇದು ನನ್ನ ತಪ್ಪಲೆ,” ಎಂದೆ. “ಇದನ್ನ ಇಸ್ಕೊಂಡು ಹೋಗಿ ಮಾರಿಕೊಂಡೋರು ಈ ಹಾಲಲ್ಲೇ ಕೂತಿದಾರೆ.”

ಎಲ್ಲರೂ ತಿರುಗಿದರು. ಕುಸುಮಾ ಸೆರಗು ಸರಿಮಾಡಿಕೊಂಡು, “ಉಪ್ಪಿಟ್ಟಿಗೆ ಕರೆದಿದ್ದು ಇದಕ್ಕಾ ಅತ್ತಿಗೆ?” ಎಂದಳು, ಅಷ್ಟೆ.

ಗಿರಿರಾಜ್ ಗಾಬರಿಯಾಗಿ ಕಿಟಕಿ ಮುಚ್ಚಿ, ದೀಪ ಆರಿಸಿ ಗೋಡೆಯ ಬಿಳಿ ಪಂಚೆಯ ಮೇಲೆ ಮೊದಲ ಕಂತನ್ನು ಹಚ್ಚಿದ. ಆಗ ಗೊತ್ತಾಯಿತು, ಅದರ ಶುರುವಿನ ಹಾಡು ನನ್ನ ಕಿವಿಗೆ ಹಳೆಯದು ಎಂದು. ಎಂಬತ್ತೇಳರಲ್ಲಿ ಪ್ರತಿ ಭಾನುವಾರ ಪಕ್ಕದ ಮನೆಯ ಟೀವಿ ಮುಂದೆ ಯಜಮಾನರು ಹೋಗಿ ಕೂರುತ್ತಿದ್ದರು. ನಾನು ಬಾಗಿಲಿಗೆ ಬಂದರೆ, “ನೀನು ಹೋಗೇ, ಅನ್ನ ಸೀದೀತು,” ಎಂದು ಅಟ್ಟುತ್ತಿದ್ದರು. ವಿಜ್ಞಾನದ ಮೇಲೆ ಇವರಿಗೆ ಎಷ್ಟು ಭಕ್ತಿ ಎಂದುಕೊಂಡಿದ್ದೆ.

ಕಂತು ಮುಗಿದು ಹೆಸರುಗಳು ಮೇಲೇರತೊಡಗಿದವು. ಕೊನೆಯ ಸಾಲು ಬಂದಾಗ ಇಪ್ಪತ್ತೂ ಜನ ಒಟ್ಟಿಗೆ ಕೂಗಿದರು: “ಬೈರಪ್ಪ ಯಾರಪ್ಪಾ?”

ನಾನು ಹೌಹಾರಿದೆ. ಶ್ಯಾಮಸುಂದರ ಮೇಷ್ಟ್ರು ನನ್ನ ಕಡೆ ಬಾಗಿ ವಿವರಿಸಿದರು: “ಇದು ನಮ್ಮ ಸಂಪ್ರದಾಯ ಅಮ್ಮಾ. ಇಲ್ಲಿ ‘ಪಾತ್ರೆ: ಬೈರಪ್ಪ, ರಾಜಾಜಿನಗರ’ ಅಂತಿದೆ ನೋಡಿ. ಅದು ಅಚ್ಚಿನ ತಪ್ಪು, ‘ಪಾತ್ರ’ ಅಂತ ಇರಬೇಕು. ಈ ಬೈರಪ್ಪ ಅನ್ನೋ ನಟ ಯಾವ ಪಾತ್ರ ಮಾಡಿದ ಅಂತ ಇವತ್ತಿನವರೆಗೂ ಪತ್ತೆ ಇಲ್ಲ.”

ಹಿಂದಿನ ಸಾಲಿನಿಂದ ದನಿ ಬಂತು. “ನಮ್ಮಣ್ಣ.”

ಕುಸುಮಾ ಎದ್ದು ನಿಂತಿದ್ದಳು. “ಅಚ್ಚಿನ ತಪ್ಪಲ್ಲ ಸಾರ್. ಪಾತ್ರೇನೇ. ನಮ್ಮ ಮನೆಯಿಂದ ಸೈಕಲ್ ಹಿಂದೆ ಕಟ್ಟಿಕೊಂಡು ಹೋದವನು ದಾರೀಲಿ ಶೂಟಿಂಗಿನವರಿಗೆ ಕೊಟ್ಟಿದಾನೆ. ಅವರು ವಾಪಸ್ ಕೊಟ್ಟಿಲ್ಲ. ಈ ಅತ್ತಿಗೆಗೆ ಹೆದರಿ ನನ್ನ ಹೆಸರು ಹೇಳಿದಾನೆ.” ಆಮೇಲೆ ನನ್ನ ಕಡೆ ತಿರುಗಿ, “ಮೂವತ್ತೆಂಟು ವರ್ಷ ಅತ್ತಿಗೆ. ಅವತ್ತು ನಾಮಕರಣ ಆದ ಮಗನಿಗೆ ಈಗ ತಲೆ ಬೋಳಾಗಿದೆ.”

‘ತಪ್ಪಾಯ್ತು ಕುಸುಮಾ’ ಎನ್ನುವುದು ಚಿಕ್ಕ ವಾಕ್ಯ. ಆದರೆ ಅದರಲ್ಲೂ ಎರಡು ಒತ್ತಕ್ಷರಗಳಿವೆ. ಕಷ್ಟಪಟ್ಟು ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ನಕ್ಕಳು. ಠಾಣೆಯವರು ಚಪ್ಪಾಳೆ ತಟ್ಟಿದರು. ಶ್ಯಾಮಸುಂದರ ಮೇಷ್ಟ್ರಿಗೆ ಪುಸ್ತಕ ಮುಳುಗಿದ ದುಃಖವೇ ಇರಲಿಲ್ಲ. “ಅಂದ್ರೆ ಲೋಹಣ್ಣ ಒಂದು ಸೀಮಂತದ ಕಾಣಿಕೆ! ತಾಯಿ ಇದಾಳೆ ಅವನಿಗೆ!” ಎಂದು ಅಲ್ಲೇ ಎರಡನೆಯ ಮುದ್ರಣಕ್ಕೆ ಟಿಪ್ಪಣಿ ಶುರುಮಾಡಿದರು. ಇಪ್ಪತ್ತು ಜನ ಬೊಜ್ಜಿನ ಮಕ್ಕಳು ನನ್ನ ಕಾಲಿಗೆ ಬಿದ್ದರು. ನನಗೂ ಮನಸ್ಸು ತುಂಬಿತು. ಒತ್ತಕ್ಷರ ಹಾಕದ ಆ ಮಹಾನುಭಾವರು ನನ್ನ ಹೆಸರನ್ನು ಆಕಾಶದವರೆಗೆ ಮುಟ್ಟಿಸಿದ್ದರಲ್ಲ.

“ತಪ್ಪಲೆ ನಿಮ್ಮಲ್ಲೇ ಇರಲಪ್ಪ,” ಎಂದೆ ಗಿರಿರಾಜನಿಗೆ. ಅವನು ಅತ್ತೇಬಿಟ್ಟ. ಹೇಮಶ್ರೀಯೂ ಅತ್ತಳು, ಬೇರೆ ಕಾರಣಕ್ಕೆ.

ಅಷ್ಟರಲ್ಲಿ ಮೇಷ್ಟ್ರು ಕೇಳಿದರು: “ಅಮ್ಮಾ, ಬೈರಪ್ಪನವರ ಕೈಬರಹ ಇರೋ ಬೇರೆ ಪಾತ್ರೆಗಳು ಇದಾವಾ? ಪುಸ್ತಕಕ್ಕೆ ಫೋಟೋ ಬೇಕು.”

ನಾನು ಉತ್ತರ ಕೊಡುವ ಮೊದಲೇ ಕುಸುಮಾ ಉತ್ಸಾಹದಿಂದ, “ಅಡುಗೆಮನೆ ತುಂಬ ಅಣ್ಣಂದೇ! ಬನ್ನಿ,” ಎಂದು ಮುಂದಾಳಾಗಿ ಹೊರಟಳು. ತಡೆಯುವ ಮುಖ ನನಗಿನ್ನು ಎಲ್ಲಿತ್ತು? ಈಗಷ್ಟೇ ಕ್ಷಮೆ ಕೇಳಿದವಳು ಹೊಸಿಲಿಗೆ ಅಡ್ಡ ನಿಂತರೆ ಹೇಗೆ? ಮೂವತ್ತಾರು ವರ್ಷದ ಮೇಲೆ ಅವಳು ನನ್ನ ಅಡುಗೆಮನೆಗೆ ಬಂದಳು, ಹಿಂದೆ ಫೋನು ಹಿಡಿದ ಇಪ್ಪತ್ತು ಜನ. ಲೋಟ, ತಟ್ಟೆ, ಸೌಟು, ಎಲ್ಲದಕ್ಕೂ ಫೋಟೋ. ನಾನು ಮೂಲೆಗೆ ಹೋಗಿ ಟವೆಲ್ ಹೊದ್ದ ಬಿಂದಿಗೆಗೆ ಬೆನ್ನು ಕೊಟ್ಟು ನಿಂತೆ. ಅವತ್ತು ಯಜಮಾನರು ಅದನ್ನು ಗೋಡೆಗೆ ತಿರುಗಿಸಿದ್ದು ನನ್ನ ನ್ಯಾಯಕ್ಕಲ್ಲ, ತಮ್ಮ ಸುಳ್ಳಿಗೆ ಎಂದು ಆಗ ಹೊಳೆಯಿತು. ಹೊಳೆದು ಏನು ಪ್ರಯೋಜನ? ಅವರು ಪಟದಲ್ಲಿ ನಗುತ್ತಾ ಕೂತಿದ್ದಾರೆ. ಸಿಕ್ಕಿಬೀಳಲು ಉಳಿದವಳು ನಾನೊಬ್ಬಳೇ.

“ಅತ್ತಿಗೆ, ಸೆಕೆ ಆಗ್ತಿದೆಯಾ? ಬೆವರ್ತಿದೀರಲ್ಲ,” ಎನ್ನುತ್ತಾ ಕುಸುಮಾ ಹತ್ತಿರ ಬಂದಳು. ನನ್ನ ಹಣೆ ಒರೆಸಲೆಂದು, ಪಾಪ ಒಳ್ಳೆಯ ಮನಸ್ಸಿನಿಂದಲೇ, ನನ್ನ ಬೆನ್ನ ಹಿಂದಿನ ಟವೆಲನ್ನು ಎಳೆದುಕೊಂಡಳು. ಒರೆಸಿದಳು. ಒರೆಸುತ್ತಿದ್ದ ಕೈ ನಿಧಾನವಾಯಿತು. ನನ್ನ ಭುಜದ ಮೇಲಿಂದ ಬಗ್ಗಿ ಮೂಲೆಯನ್ನೇ ನೋಡಿದಳು. ಗಿರಿರಾಜ್ ಫೋನು ಎತ್ತಿ ಹಿಡಿದು ಕಾಯುತ್ತಿದ್ದ.

“ಅತ್ತಿಗೆ,” ಎಂದಳು, ಬಹಳ ಮೆತ್ತಗೆ, “ಆ ಬಿಂದಿಗೇನ ಒಂದು ಸಲ ಈ ಕಡೆ ತಿರುಗಿಸ್ತೀರಾ?”